ರಂಗದ ಮೇಲೆ ಒಬ್ಬರು ಇನ್ನೊಬ್ಬರಿಗೆ ಬುದ್ಧಿ ಹೇಳುವಾಗ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಯುವಜನರಿಗೆ ಏರ್ಪಡಿಸಿದ್ದ ನಾಟಕ ಶಿಬಿರದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದ ಅಂಗಳದಲ್ಲಿ ನಾಟಕದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಗುರುಗಳು ಅಪ್ಪಣೆ ಮಾಡಿದಾಗ ನಮಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. ತೇರಿನ ಮರುದಿನ ರಾತ್ರಿ ಇದೇ ಅಂಗಳದಲ್ಲಿ ಹಲವು ವರ್ಷ ನಾಟಕ ಆಡಿಸಿದವರು ನಾವು, ಅದರಿಂದ ಸಂತೋಷ. ಆಡಿಸಿದವುಗಳಲ್ಲಿ ಸರಿಯಾಗಿ ಆಡಿಸಿದವು ಎಷ್ಟೆಂಬುದೂ ನಮಗೆ ಗೊತ್ತು, ಅದರಿಂದ ಸಂಕೋಚ. ಆದುದರಿಂದ ನಾಟಕಕಲೆಯ ಸಮಸ್ತ ವಿಚಾರವನ್ನೂ ಎತ್ತಿಕೊಳ್ಳದೆ, ನಾವು ಅತಿ ಹೆಚ್ಚು ಎಡವಿದ ಒಂದೇ ಒಂದು ಸಂಗತಿಯನ್ನು ಕುರಿತು ಮಾತನಾಡುತ್ತೇವೆ. ಎಡವಿದವನಿಗೆ ಕಲ್ಲು ಎಲ್ಲಿದೆಯೆಂಬುದಾದರೂ ತಿಳಿದಿರುತ್ತದೆ.

ಚರ್ಚಿನ ಹಬ್ಬಕ್ಕೆ ಆಡುವ ನಾಟಕ ಯಾವುದೇ ಇರಲಿ, ಅದರಲ್ಲಿ ಒಂದು ಪಾತ್ರ ಇನ್ನೊಂದು ಪಾತ್ರಕ್ಕೆ ಪಾಠ ಹೇಳುವ ದೃಶ್ಯ ಇದ್ದೇ ಇರುತ್ತದೆ. ತಾಯಿ ಮಗನಿಗೆ ಹೇಳುತ್ತಾಳೆ, ಗುರು ಶಿಷ್ಯನಿಗೆ ಹೇಳುತ್ತಾನೆ, ಹಿರಿಯ ಕುಡುಕನಿಗೆ ಹೇಳುತ್ತಾನೆ. ಬರೆದವನಿಗೆ ಇಡೀ ನಾಟಕದ ಸಾರವೇ ಅದು. ಆದರೆ ಸಭಿಕರು ಎದ್ದು ಹೋಗಿ ಕಡಲೇಕಾಯಿ ಕೊಂಡು ತರುವುದೂ ಅದೇ ಹೊತ್ತಿನಲ್ಲಿ! ಹೀಗೇಕೆ ಆಗುತ್ತದೆ?

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ. ಒಂದು ‘ಬುದ್ಧಿ ಹೇಳುವುದು’, ಇನ್ನೊಂದು ‘ಬುದ್ಧಿ ಕಲಿಸುವುದು’. ಅಜ್ಜಿ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರುತ್ತ ಮಾಡುವುದು ಮೊದಲನೆಯದು. ‘ತಾಳು, ನಿನಗೆ ಬುದ್ಧಿ ಕಲಿಸುತ್ತೇನೆ’ ಎಂದು ತೋಳು ಮೇಲೇರಿಸಿಕೊಂಡು ಹೊರಡುವುದು ಎರಡನೆಯದು. ಒಂದರಲ್ಲಿ ಎದುರಿಗಿರುವವನ ಮೇಲಿನ ಅಕ್ಕರೆ, ಇನ್ನೊಂದರಲ್ಲಿ ನಮ್ಮ ಮನಸ್ಸಿನ ಸಿಟ್ಟು. ಒಂದನ್ನು ಮಾಡಲು ಹೊರಟು ಇನ್ನೊಂದನ್ನು ಮಾಡಿಬಿಡುವುದು ಬಹಳ ಸುಲಭ. ರಂಗದ ಮೇಲೂ ಅಷ್ಟೇ, ಮನೆಯಲ್ಲೂ ಅಷ್ಟೇ.

ಬಹಳ ವರ್ಷಗಳ ಹಿಂದಿನ ಮಾತು. ನಮಗೆ ಶಾಲೆಯಲ್ಲಿ ಹೊಸದಾಗಿ ಕೆಲಸವಾಗಿತ್ತು. ನಾಟಕದ ಹುಚ್ಚು ವಿಪರೀತವಾಗಿತ್ತು. ನಾವೇ ಒಂದು ನಾಟಕ ಬರೆದೆವು. ಕುಡಿತಕ್ಕೆ ಬಿದ್ದ ಒಬ್ಬ ತರುಣ ತಂಗಿಯ ಬಳೆಗಳನ್ನು ಅಡವಿಟ್ಟು ರಾತ್ರಿ ಮನೆಗೆ ಬರುತ್ತಾನೆ. ಕಾದು ಕುಳಿತಿದ್ದ ಸೋದರಮಾವ ಅವನಿಗೆ ಬುದ್ಧಿ ಹೇಳುತ್ತಾನೆ. ಆ ಮಾತುಗಳನ್ನು ಎರಡು ಪುಟ ತುಂಬ ಬರೆದಿದ್ದೆವು. ಆ ಕಾಲದಲ್ಲಿ ರಂಗದ ನಡುವೆ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಒಂದೇ ಮೈಕು. ಸೋದರಮಾವ ನೇರವಾಗಿ ಅದರ ಕೆಳಗೆ ಬಂದು ನಿಂತು, ಸಭೆಗೆ ಮುಖಮಾಡಿ, ಎರಡು ಪುಟಗಳನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಸೋದರಳಿಯ ಅವನ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಮಾತು ಮುಗಿದ ಕೂಡಲೇ ಕಾಲಿಗೆ ಬಿದ್ದು ‘ಇನ್ನು ಮುಂದೆ ಕುಡಿಯುವುದಿಲ್ಲ’ ಎಂದ. ಪರದೆ ಬಿತ್ತು. ಚಪ್ಪಾಳೆಯೂ ಬಿತ್ತು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ಹಿರಿಯ ಉಪದೇಶಿಗಳು ಕೈ ಹಿಡಿದು ನಿಲ್ಲಿಸಿ, “ಮೇಷ್ಟ್ರೇ, ಮಾವ ನಮಗೆಲ್ಲ ಚೆನ್ನಾಗಿ ಬುದ್ಧಿ ಹೇಳಿದ. ಆದರೆ ಬಳೆ ಅಡವಿಟ್ಟವರು ನಾವಲ್ಲವಲ್ಲ. ಆ ಹುಡುಗನಿಗೂ ಒಂದು ಮಾತು ಹೇಳಬಾರದಾಗಿತ್ತೇ?” ಎಂದರು.

ಅಂದು ನಮಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಆದರೆ ನಾಟಕದ ವಿಷಯದಲ್ಲಿ ನಾವು ಕೇಳಿದ ಮಾತುಗಳಲ್ಲಿ ಅದಕ್ಕಿಂತ ಉಪಯುಕ್ತವಾದುದು ಮತ್ತೊಂದಿಲ್ಲ. ಪಾಠ ಹೇಳುವ ಪಾತ್ರ ತನ್ನೆದುರಿನ ಪಾತ್ರಕ್ಕೇ ಹೇಳಬೇಕು, ಸಭೆಗಲ್ಲ. ಸಭೆ ಅದನ್ನು ಪಕ್ಕದ ಮನೆಯ ಜಗಳವನ್ನು ಗೋಡೆಯಾಚೆಯಿಂದ ಕೇಳಿಸಿಕೊಳ್ಳುವಂತೆ ಕೇಳಿಸಿಕೊಳ್ಳಬೇಕು. ಆಗ ಅದಕ್ಕೆ ಕಿವಿ ನೆಟ್ಟಗಾಗುತ್ತದೆ. ಆ ನಾಟಕದಲ್ಲಿ ಇದಕ್ಕಿಂತ ದೊಡ್ಡದಾದ ಇನ್ನೊಂದು ತಪ್ಪೂ ನಮ್ಮಿಂದ ಆಗಿತ್ತು. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ನಿಮಗೆಲ್ಲ ಪರಿಚಿತವಾದ ಒಂದು ದೃಶ್ಯವನ್ನು ನೋಡೋಣ. ಪವಿತ್ರ ಗ್ರಂಥದಲ್ಲಿ, ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ, ಪ್ರವಾದಿ ನಾತಾನ ಅರಸ ದಾವೀದನ ಬಳಿಗೆ ಬರುತ್ತಾನೆ. ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಬಯಸಿ, ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ್ದಾನೆ. ಅರಸನಿಗೆ ಬುದ್ಧಿ ಹೇಳುವವರು ಯಾರು? ನಾತಾನ ಉಪದೇಶ ಮಾಡುವುದಿಲ್ಲ, ಕಥೆ ಹೇಳುತ್ತಾನೆ. ಒಂದು ಊರಿನಲ್ಲಿ ಒಬ್ಬ ಸಿರಿವಂತ, ಒಬ್ಬ ಬಡವ. ಬಡವನಿಗೆ ಇದ್ದುದು ಒಂದೇ ಒಂದು ಹೆಣ್ಣು ಕುರಿಮರಿ. ಅವನ ತುತ್ತನ್ನೇ ತಿಂದು ಅವನ ಮಗ್ಗುಲಲ್ಲೇ ಮಲಗಿ ಮಗಳಂತೆ ಬೆಳೆದುದು. ಸಿರಿವಂತನ ಮನೆಗೆ ಅತಿಥಿ ಬಂದಾಗ ಅವನು ತನ್ನ ಹಿಂಡನ್ನು ಮುಟ್ಟದೆ ಬಡವನ ಆ ಮರಿಯನ್ನೇ ಕಸಿದು ಅಡಿಗೆ ಮಾಡಿಸಿದ. ಕಥೆ ಕೇಳಿ ದಾವೀದ ಕಿಡಿಕಿಡಿಯಾಗಿ, ಅಂಥವನಿಗೆ ಸಾವೇ ತಕ್ಕದ್ದು, ಒಂದಕ್ಕೆ ನಾಲ್ಕರಷ್ಟು ಕೊಡಿಸಬೇಕು ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಆ ಸಿರಿವಂತ ಬೇರಾರೂ ಅಲ್ಲ, ಅರಸನೇ ಎಂದು ನಾತಾನ ಆಗ ತಿಳಿಸುತ್ತಾನೆ.

ಈ ದೃಶ್ಯವನ್ನು ಹಲವು ಕಡೆ ಆಡಿದ್ದನ್ನು ನೋಡಿದ್ದೇವೆ. ನಾತಾನನ ವೇಷ ಹಾಕಿದವರು ಕುರಿಮರಿಯ ಕಥೆಯನ್ನು ಗಡಿಬಿಡಿಯಿಂದ ಮುಗಿಸಿ, ಕೊನೆಯ ಮಾತಿಗೆ ತೋರುಬೆರಳೆತ್ತಿ ಗುಡುಗಲು ಕಾತರಿಸುತ್ತಿರುತ್ತಾರೆ. ಆದರೆ ದೃಶ್ಯದ ಪ್ರಾಣ ಇರುವುದು ಕುರಿಮರಿಯಲ್ಲಿ. ದಾವೀದ ಅರಸನಾಗುವ ಮೊದಲು ಕುರಿ ಕಾಯ್ದವನು. ಮರಿಯ ವಿಷಯ ಹೇಳಿದರೆ ಅವನ ಹೃದಯದ ಯಾವ ಬಾಗಿಲು ತೆರೆಯುತ್ತದೆಂಬುದು ನಾತಾನನಿಗೆ ಗೊತ್ತು. ಅಷ್ಟೇ ಅಲ್ಲ, ಒಬ್ಬನನ್ನು ಕೊಲ್ಲಿಸಿದ ಅರಸ ಇನ್ನೊಬ್ಬನನ್ನೂ ಕೊಲ್ಲಿಸಬಲ್ಲನೆಂಬುದೂ ಅವನಿಗೆ ಗೊತ್ತು. ಆದುದರಿಂದ ನಾತಾನನ ಪಾತ್ರಧಾರಿಯ ಎದೆಯಲ್ಲಿ ಅಕ್ಕರೆ, ಭಯ ಎರಡೂ ಇರಬೇಕು. ಕೊನೆಯ ಮಾತನ್ನು ಮೆಲ್ಲಗೆ ಹೇಳಿ ನೋಡಿ. ಕೂಗಿ ಹೇಳಿದಾಗ ಸಭೆ ನಾತಾನನನ್ನು ನೋಡುತ್ತದೆ. ಮೆಲ್ಲಗೆ ಹೇಳಿದಾಗ ದಾವೀದನ ಮುಖವನ್ನು ನೋಡುತ್ತದೆ. ನೋಡಬೇಕಾದುದು ಅದನ್ನೇ.

ಇದರಿಂದ ತಿಳಿಯುವುದೇನೆಂದರೆ, ಪಾಠದ ದೃಶ್ಯದಲ್ಲಿ ಮುಖ್ಯನಾದವನು ಹೇಳುವವನಲ್ಲ, ಕೇಳುವವನು. ಕೇಳುವವನು ಸುಲಭವಾಗಿ ಒಪ್ಪಿಕೊಂಡರೆ ಅಲ್ಲಿ ದೃಶ್ಯವೇ ಇಲ್ಲ. ನಮ್ಮ ಸೋದರಳಿಯ ಎರಡು ಪುಟದ ಮಾತಿಗೆ ಒಮ್ಮೆಯೂ ಎದುರಾಡಲಿಲ್ಲ. ಒಮ್ಮೆಯೂ ‘ನಿಮಗೇನು ಗೊತ್ತು ಮಾವ?’ ಎನ್ನಲಿಲ್ಲ. ಕುಡಿದು ಬಂದ ಮನುಷ್ಯ ಹಾಗೆ ಸುಮ್ಮನೆ ನಿಲ್ಲುವುದನ್ನು ನೀವು ಯಾರಾದರೂ ಕಂಡಿದ್ದೀರಾ?

ಈ ಎದುರಾಟದ ಬೆಲೆ ತಿಳಿಯಬೇಕಾದರೆ ಅಮೆರಿಕದ ನಾಟಕಕಾರ ವಿಲಿಯಂ ಗಿಬ್ಸನ್ ಬರೆದ ‘ದಿ ಮಿರಕಲ್ ವರ್ಕರ್’ ನಾಟಕವನ್ನು ನೋಡಬೇಕು. 1957ರಲ್ಲಿ ದೂರದರ್ಶನಕ್ಕಾಗಿ ಬರೆದುದನ್ನು ಅವರು ರಂಗಕ್ಕೆ ಅಳವಡಿಸಿದರು. 1959ರ ಅಕ್ಟೋಬರಿನಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಪ್ರದರ್ಶನ ಕಂಡಿತು. ಕಥೆ ನಡೆದುದೇ. ಹೆಲನ್ ಕೆಲರ್ ಎಂಬ ಹೆಣ್ಣುಮಗು 1880ರಲ್ಲಿ ಅಲಬಾಮಾದಲ್ಲಿ ಹುಟ್ಟಿ, 19 ತಿಂಗಳಾಗಿದ್ದಾಗ ಬಂದ ಕಾಯಿಲೆಯಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡಿತು. ಅವಳಿಗೆ ಕಲಿಸಲು 1887ರ ಮಾರ್ಚ್ 3ರಂದು ಬಂದವಳು ಆನಿ ಸಲಿವನ್, 20 ವರ್ಷದ ತರುಣಿ. ಅನಾಥಾಶ್ರಯದಲ್ಲಿ ಬೆಳೆದವಳು, ತಮ್ಮನನ್ನು ಅಲ್ಲಿಯೇ ಕಳೆದುಕೊಂಡವಳು, ತಾನೂ ಅರೆಗುರುಡಿಯಾಗಿದ್ದವಳು. ಈ ಹೆಲನ್ ಕೆಲರ್ ಅವರೇ ಮುಂದೆ ಜಗತ್ಪ್ರಸಿದ್ಧರಾಗಿ 1955ರಲ್ಲಿ ನಮ್ಮ ಭಾರತಕ್ಕೂ ಬಂದು ಹೋದರು.

ಈ ನಾಟಕದ ಒಂದು ದೃಶ್ಯ ಊಟದ ಮನೆಯಲ್ಲಿ ನಡೆಯುತ್ತದೆ. ಹೆಲನ್ ಮೇಜಿನ ಸುತ್ತ ಸುತ್ತುತ್ತ ಎಲ್ಲರ ತಟ್ಟೆಗೂ ಕೈಹಾಕಿ ಬಾಚಿ ತಿನ್ನುವಳು. ಮರುಕದಿಂದ ಮನೆಯವರು ಸುಮ್ಮನಿರುವರು. ಆನಿ ಮಾತ್ರ ತನ್ನ ತಟ್ಟೆಯನ್ನು ಮುಟ್ಟಗೊಡುವುದಿಲ್ಲ. ಮನೆಯವರನ್ನೆಲ್ಲ ಹೊರಗೆ ಕಳುಹಿಸಿ ಬಾಗಿಲಿಗೆ ಬೀಗ ಹಾಕುತ್ತಾಳೆ. ಅಲ್ಲಿಂದ ಮುಂದೆ ಮಾತೇ ಇಲ್ಲವೆನ್ನಬಹುದು. ನೂಕಾಟ, ಎಳೆದಾಟ, ಚಮಚಗಳ ಎಸೆದಾಟ. ಮಗು ಕುರ್ಚಿಯಿಂದ ಇಳಿಯುವುದು, ಗುರು ಮತ್ತೆ ಕೂರಿಸುವುದು. ಇದೇ ನಾಟಕದ ಚಲನಚಿತ್ರ 1962ರಲ್ಲಿ ಬಂದಾಗ ಈ ಹೋರಾಟ ಎಂಟೊಂಬತ್ತು ನಿಮಿಷಗಳಷ್ಟು ಬೆಳೆಯಿತು. ಆನಿಯಾಗಿದ್ದ ಆ್ಯನ್ ಬ್ಯಾಂಕ್ರಾಫ್ಟ್, ಹೆಲನ್ ಆಗಿದ್ದ ಬಾಲನಟಿ ಪ್ಯಾಟಿ ಡ್ಯೂಕ್ ಇಬ್ಬರೂ ಪೆಟ್ಟಾಗದಿರಲೆಂದು ಉಡುಪಿನೊಳಗೆ ಮೆತ್ತೆ ಕಟ್ಟಿಕೊಳ್ಳಬೇಕಾಗಿತ್ತು. ಆ ಚಿತ್ರಕ್ಕಾಗಿ ಇಬ್ಬರಿಗೂ ಆಸ್ಕರ್ ಪ್ರಶಸ್ತಿ ಬಂದಿತು. ಹೋರಾಟದ ಕೊನೆಗೆ ಆನಿ ಸುಸ್ತಾಗಿ ಹೊರಬಂದು ತಾಯಿಗೆ ಕೊಡುವ ವರದಿ ಬಹಳ ಚಿಕ್ಕದು: ಮಗು ತನ್ನ ತಟ್ಟೆಯಿಂದ ಚಮಚದಲ್ಲಿ ತಿಂದಿತು, ಕೈವಸ್ತ್ರವನ್ನು ತಾನೇ ಮಡಿಸಿತು. ಅಷ್ಟೇ. ಒಂದು ಬಟ್ಟೆ ಮಡಿಸಿದ್ದು ರಾಜ್ಯ ಗೆದ್ದಷ್ಟು ದೊಡ್ಡದೆಂದು ಸಭೆಗೆ ಅನ್ನಿಸುತ್ತದೆ. ಏಕೆಂದರೆ ಅದಕ್ಕೆ ತೆತ್ತ ಬೆಲೆಯನ್ನು ಸಭೆ ಕಣ್ಣಾರೆ ಕಂಡಿದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ನಾಟಕದ ಮೊದಲಲ್ಲಿ ಹೆಲನ್ ಈ ಹೊಸ ಗುರುವನ್ನು ಕೋಣೆಯಲ್ಲಿ ಕೂಡಿಹಾಕಿ, ಬೀಗದ ಕೈಯನ್ನು ಬಾಯಲ್ಲಿ ಅಡಗಿಸಿಕೊಂಡು, ಆಮೇಲೆ ಬಾವಿಗೆ ಹಾಕಿಬಿಡುತ್ತಾಳೆ. ನಾಟಕದ ಕೊನೆಯಲ್ಲಿ, ನೀರಿನ ಪಂಪಿನ ಬಳಿ, ಒಂದು ಕೈಯ ಮೇಲೆ ನೀರು ಸುರಿಯುತ್ತಿರುವಾಗ ಅಂಗೈಯಲ್ಲಿ ಗುರು ಬರೆಯುವ ಅಕ್ಷರಗಳಿಗೂ ಆ ನೀರಿಗೂ ಸಂಬಂಧವಿದೆಯೆಂದು ಮಗುವಿಗೆ ಥಟ್ಟನೆ ಹೊಳೆಯುತ್ತದೆ. ಇದು ನಿಜವಾಗಿ ನಡೆದದ್ದು 1887ರ ಏಪ್ರಿಲ್ 5ರಂದು. ನಾಟಕದಲ್ಲಿ ಆಮೇಲೆ ಹೆಲನ್ ತಾಯಿಯ ಬಳಿಯಿದ್ದ ಬೀಗದ ಕೈಗಳನ್ನು ತೆಗೆದು ತಾನಾಗಿ ಗುರುವಿನ ಕೈಗೆ ಕೊಡುತ್ತಾಳೆ. ಬಾವಿಗೆ ಬಿದ್ದ ಬೀಗದ ಕೈಯಿಂದ ಕೈಗೆ ಕೊಟ್ಟ ಬೀಗದ ಕೈವರೆಗೆ ಒಂದು ಮನಸ್ಸು ಎಷ್ಟು ದೂರ ನಡೆದು ಬಂತೆಂಬುದನ್ನು ಯಾವ ಭಾಷಣವೂ ಬೇಡದೆ ಎರಡು ಕಬ್ಬಿಣದ ತುಂಡುಗಳು ಹೇಳಿಬಿಡುತ್ತವೆ. ಅಂದು ಬಾಗಿಲು ತೆರೆದದ್ದು ಮಗುವಿನದು ಮಾತ್ರವಲ್ಲ. ತಮ್ಮ ಸತ್ತ ಮೇಲೆ ಯಾರನ್ನೂ ಪ್ರೀತಿಸಲಾರೆನೆಂದು ಬಿಗಿದುಕೊಂಡಿದ್ದ ಆನಿಯ ಮನಸ್ಸೂ ತೆರೆಯುತ್ತದೆ. ಆ ಮಗುವಿನ ಅಂಗೈಯಲ್ಲಿ ಅವಳು ತನ್ನ ಪ್ರೀತಿಯನ್ನು ಅಕ್ಷರ ಅಕ್ಷರವಾಗಿ ಬರೆಯುತ್ತಾಳೆ. ಕಲಿಸಲು ಬಂದವಳು ಕಲಿತಳು. ಒಳ್ಳೆಯ ಪಾಠದ ದೃಶ್ಯದ ಗುರುತು ಇದೇ: ದೃಶ್ಯ ಮುಗಿದಾಗ ಇಬ್ಬರೂ ಮೊದಲಿದ್ದಂತೆ ಉಳಿದಿರಬಾರದು.

ಪಾಠದ ದೃಶ್ಯವೆಂದ ಮಾತ್ರಕ್ಕೆ ಕಣ್ಣೀರೇ ಬೇಕೆಂದಿಲ್ಲ. ನಗಿಸುತ್ತಲೂ ಅದನ್ನು ಆಡಬಹುದು. ಫ್ರಾನ್ಸಿನ ಮಹಾ ನಾಟಕಕಾರ ಮೋಲಿಯೇರ್ ಪ್ಯಾರಿಸ್ಸಿನಲ್ಲಿ ಯೇಸುಸಭೆಯ ಗುರುಗಳ ವಿದ್ಯಾಲಯದಲ್ಲಿ ಓದಿದವನು. ಆ ಕಾಲದ ಯೇಸುಸಭೆಯ ಶಾಲೆಗಳಲ್ಲಿ ವಿದ್ಯಾರ್ಥಿಗಳಿಂದ ನಾಟಕವಾಡಿಸುವುದು ವಿದ್ಯಾಭ್ಯಾಸದ ಒಂದು ಭಾಗವಾಗಿತ್ತೆಂಬುದನ್ನು ನಾವಿಲ್ಲಿ ಅಭಿಮಾನದಿಂದ ನೆನೆಯಬಹುದು. 1670ರಲ್ಲಿ ಅರಸ ಹದಿನಾಲ್ಕನೆಯ ಲೂಯಿಯ ಮುಂದೆ ಅವನು ಆಡಿದ ನಾಟಕವೊಂದರಲ್ಲಿ ಜೂರ್ದಾ ಎಂಬ ಧನಿಕ ವರ್ತಕನಿಗೆ ದೊಡ್ಡಮನುಷ್ಯನಾಗುವ ಚಪಲ. ಸಂಗೀತಕ್ಕೊಬ್ಬ, ನೃತ್ಯಕ್ಕೊಬ್ಬ, ಕತ್ತಿವರಸೆಗೊಬ್ಬ, ತತ್ತ್ವಶಾಸ್ತ್ರಕ್ಕೊಬ್ಬ ಮೇಷ್ಟ್ರನ್ನು ನೇಮಿಸಿಕೊಂಡಿದ್ದಾನೆ. ಮೇಷ್ಟ್ರುಗಳು ನನ್ನ ವಿದ್ಯೆ ಹೆಚ್ಚು, ನಿನ್ನ ವಿದ್ಯೆ ಕಡಿಮೆ ಎಂದು ಜಗಳಕ್ಕಿಳಿದಿರುವಾಗ ತತ್ತ್ವಶಾಸ್ತ್ರದವನು ಬಂದು, ಜ್ಞಾನಿಯಾದವನು ಕೋಪವನ್ನು ಗೆಲ್ಲಬೇಕೆಂದು ಉಪದೇಶಿಸುತ್ತಾನೆ. ಎರಡು ನಿಮಿಷದಲ್ಲಿ ಅವನೇ ಎಲ್ಲರಿಗಿಂತ ಹೆಚ್ಚು ಕೋಪಗೊಂಡು ಗುದ್ದಾಟಕ್ಕೆ ಬೀಳುತ್ತಾನೆ. ಆಮೇಲೆ ಅಂಗಿ ಸರಿಪಡಿಸಿಕೊಂಡು, ಏನೂ ಆಗದವನಂತೆ, ಜೂರ್ದಾನಿಗೆ ಸ್ವರಾಕ್ಷರಗಳನ್ನು ಹೇಳುವಾಗ ಬಾಯಿ ಎಷ್ಟೆಷ್ಟು ತೆರೆಯಬೇಕೆಂದು ಪಾಠಮಾಡುತ್ತಾನೆ. ತಾನು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಆಡುತ್ತಿದ್ದುದು ಗದ್ಯವೆಂದು ತಿಳಿದು ಜೂರ್ದಾ ಬೆರಗಾಗುತ್ತಾನೆ.

ಹಾಸ್ಯ ಇಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಅಂಕದಲ್ಲಿ ಜೂರ್ದಾ ತಾನು ಕಲಿತುದನ್ನು ಹೆಂಡತಿಗೂ ಮನೆಗೆಲಸದ ನಿಕೋಲಳಿಗೂ ಕಲಿಸಹೊರಡುತ್ತಾನೆ. ಒಂದು ಸ್ವರವನ್ನು ಹೇಳಿಸಿ, ಈಗ ನೀನು ಮಾಡಿದ್ದೇನು ಎಂದು ಕೇಳಿದರೆ, ನೀವು ಹೇಳೆಂದಿರಿ, ಹೇಳಿದೆ ಎನ್ನುತ್ತಾಳೆ ಆಕೆ. ಕತ್ತಿವರಸೆ ತೋರಿಸಹೋದರೆ ಶಾಸ್ತ್ರ ಕಲಿಯದ ನಿಕೋಲ್ ಶಾಸ್ತ್ರ ಕಲಿತವನನ್ನು ನಾಲ್ಕಾರು ಸಲ ಚುಚ್ಚಿಬಿಡುತ್ತಾಳೆ. ಈ ಪಾತ್ರಗಳನ್ನು ಆಡುವಾಗ ಒಂದು ಎಚ್ಚರಿಕೆ ಇರಬೇಕು. ಜೂರ್ದಾನ ಪಾತ್ರಧಾರಿ ನಗಿಸಲು ಯತ್ನಿಸಬಾರದು. ಅವನು ಮನಸಾರೆ, ಮಗುವಿನಂತೆ ಕಲಿಯಬೇಕು. ಅವನ ಶ್ರದ್ಧೆ ಎಷ್ಟು ನಿಜವೋ ನಗು ಅಷ್ಟು ನಿಜ. ತತ್ತ್ವಶಾಸ್ತ್ರದ ಮೇಷ್ಟ್ರೋ, ನಮ್ಮಂಥ ಉಪದೇಶಕರೆಲ್ಲರಿಗೂ ಒಂದು ಕನ್ನಡಿ. ನಾವು ಹೇಳುವ ಪಾಠ ಮೊದಲು ನಮ್ಮ ಮೇಲೆಯೇ ಪರೀಕ್ಷೆಗೆ ಬರುತ್ತದೆ.

ಕೆಲವು ವೇಳೆ ಗುರು ಕಲಿಸಿದ್ದು ಒಂದು, ಶಿಷ್ಯ ಕಲಿತದ್ದು ಇನ್ನೊಂದು. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕ 1913ರಲ್ಲಿ ಮೊದಲು ವಿಯೆನ್ನಾದಲ್ಲಿ, 1914ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು. ಮರಾಠಿಯಲ್ಲಿ ಪು. ಲ. ದೇಶಪಾಂಡೆಯವರು ಅದನ್ನು 1975ರಲ್ಲಿ ‘ತೀ ಫುಲರಾಣಿ’ಯಾಗಿಸಿದರು. ಕನ್ನಡದಲ್ಲಿ ಜಯಂತ ಕಾಯ್ಕಿಣಿಯವರ ‘ಹೂಹುಡುಗಿ’ಯೂ ಅದರದೇ ರೂಪಾಂತರ. ಭಾಷಾಪಂಡಿತ ಹಿಗಿನ್ಸ್ ಬೀದಿಯಲ್ಲಿ ಹೂ ಮಾರುವ ಎಲೈಜಾಳಿಗೆ ಶ್ರೀಮಂತರ ಉಚ್ಚಾರಣೆ ಕಲಿಸುತ್ತಾನೆ. ಮೂರನೆಯ ಅಂಕದಲ್ಲಿ ಅವಳು ದೊಡ್ಡವರ ಮನೆಯ ಕೂಟದಲ್ಲಿ ಕುಳಿತು, ಅತ್ಯಂತ ಶುದ್ಧವಾದ ಉಚ್ಚಾರಣೆಯಲ್ಲಿ, ತನ್ನ ದೊಡ್ಡಮ್ಮನನ್ನು ಯಾರೋ ಮುಗಿಸಿಯೇಬಿಟ್ಟಿರಬೇಕೆಂದು ವಿವರಿಸುತ್ತಾಳೆ! ಪಾಠ ನಾಲಿಗೆಗೆ ಹತ್ತಿದೆ, ಆದರೆ ಬದುಕು ಹಾಗೆಯೇ ಇದೆ. ಕೊನೆಯ ಅಂಕದಲ್ಲಿ ಅವಳು ತಿಳಿಸುವ ಸತ್ಯ ಬೇರೆಯೇ. ತನ್ನ ನಿಜವಾದ ವಿದ್ಯಾಭ್ಯಾಸ ಹಿಗಿನ್ಸನ ಪಾಠಗಳಿಂದ ಆಗಲಿಲ್ಲ. ಮೊದಲ ದಿನವೇ ಪಿಕರಿಂಗ್ ಎಂಬ ಹಿರಿಯರು ತನ್ನನ್ನು ಮರ್ಯಾದೆಯಿಂದ ಹೆಸರಿಟ್ಟು ಕರೆದರಲ್ಲ, ಅಂದು ಅದು ಆರಂಭವಾಯಿತು ಎನ್ನುತ್ತಾಳೆ. ಪಿಕರಿಂಗ್ ಪಾತ್ರ ಮಾಡುವವರು ಇದನ್ನು ನೆನಪಿನಲ್ಲಿಡಬೇಕು. ಆ ಪಾತ್ರಕ್ಕೆ ಮಾತು ಕಡಿಮೆ. ಆದರೆ ಆ ಪಾತ್ರಧಾರಿ ಕುರ್ಚಿಯಿಂದ ಎದ್ದು ನಿಲ್ಲುವ ರೀತಿಯಲ್ಲೇ ಒಂದು ಪಾಠ ನಡೆಯುತ್ತಿರುತ್ತದೆ.

ಇಷ್ಟು ಹೊತ್ತು ದೂರದ ದೇಶಗಳನ್ನೆಲ್ಲ ಸುತ್ತಿ ಬಂದೆವು. ಈಗ ಮನೆಗೆ ಬರೋಣ. ಪವಿತ್ರ ಗುರುವಾರದ ಸಂಜೆ ಈ ದೇವಾಲಯದಲ್ಲೇ ಪ್ರತಿವರ್ಷ ಪಾದ ತೊಳೆಯುವ ವಿಧಿ ನಡೆಯುತ್ತದೆ. ಅದು ನಾಟಕವಲ್ಲ, ಆರಾಧನೆ. ಆದರೆ ನಟರಿಗೆ ಅದರಿಂದ ಕಲಿಯುವುದಿದೆ. ಸಂತ ಯೊವಾನ್ನರ ಶುಭಸಂದೇಶದ 13ನೆಯ ಅಧ್ಯಾಯವನ್ನು ತೆರೆದು ನೋಡಿ. ಗುರು ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ. ಪಾಠವನ್ನು ಮೊದಲು ಕೈಯಿಂದ ಮಾಡಿ, ಬಾಯಿಂದ ವಿವರಿಸುವುದು ಆಮೇಲೆ. ಪೇತ್ರ ಸುಮ್ಮನೆ ಕಾಲು ಚಾಚುವುದಿಲ್ಲ. ಮೊದಲು ಖಂಡಿತ ಕೂಡದೆಂದು ಹಟ ಹಿಡಿಯುತ್ತಾನೆ. ಕಾರಣ ತಿಳಿದ ಮೇಲೆ ಕೈಯನ್ನೂ ತಲೆಯನ್ನೂ ತೊಳೆಯಬೇಕೆಂದು ಇನ್ನೊಂದು ತುದಿಗೆ ಹಾರುತ್ತಾನೆ. ಎಷ್ಟು ಜೀವಂತ ಶಿಷ್ಯ! ನಾವಾದರೋ, ಆ ದಿನ ಹನ್ನೆರಡು ಮಂದಿಯಲ್ಲಿ ಒಬ್ಬರಾಗಿ ಕೂರಬೇಕಾದರೆ ಮನೆಯಲ್ಲಿ ಎರಡು ಸಲ ಸೋಪು ಹಾಕಿ ತಿಕ್ಕಿ ತೊಳೆದ ಕಾಲನ್ನೇ ತಂದು ಚಾಚುತ್ತೇವೆ. ನಮ್ಮ ನಾಟಕದ ಶಿಷ್ಯಪಾತ್ರಗಳೂ ಹಾಗೆಯೇ, ಮೊದಲೇ ತೊಳೆದುಕೊಂಡು ಬಂದಿರುತ್ತವೆ. ತೊಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಇನ್ನು ನಾವು ಅರಿಕೆ ಮಾಡಿಕೊಳ್ಳುತ್ತೇವೆಂದ ತಪ್ಪು.

ಆ ನಾಟಕದಲ್ಲಿ ಕುಡುಕ ಸೋದರಳಿಯನ ಪಾತ್ರಕ್ಕೆ ನಾವು ಆರಿಸಿದ್ದ ಹುಡುಗ ನಿಜವಾಗಿಯೂ ಕುಡಿತಕ್ಕೆ ಬಿದ್ದಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಅವನು ಒಳ್ಳೆಯ ನಟ. ಹಾಡಿದರೆ ಕೇಳಬೇಕು ಎನ್ನುವಂಥ ಕಂಠ. ನಾವು ಅವನನ್ನು ಆರಿಸಿದ್ದು ಆ ಗುಣಕ್ಕಲ್ಲ. ಊರೆಲ್ಲರ ಎದುರಿಗೆ ನಿಲ್ಲಿಸಿದರೆ ನಾಚಿ ತಿದ್ದಿಕೊಳ್ಳುತ್ತಾನೆಂದು ಎಣಿಸಿದ್ದೆವು. ಬುದ್ಧಿ ಹೇಳುತ್ತಿದ್ದೇವೆಂದುಕೊಂಡೇ ಬುದ್ಧಿ ಕಲಿಸಲು ಹೊರಟಿದ್ದೆವು. ಅಂದು ರಂಗದ ಮೇಲೆ ಅವನು ತಲೆ ತಗ್ಗಿಸಿ ನಿಂತದ್ದು ಅಭಿನಯವಾಗಿರಲಿಲ್ಲ. ಮುಂದಿನ ಸಾಲುಗಳಲ್ಲಿ ಕೆಲವರು ಅವನ ನಿಜವಾದ ಹೆಸರು ಹಿಡಿದು ಕೂಗಿ ನಕ್ಕರು. ನಾವು ಪರದೆಯ ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಂಡೆವು. ಆ ರಾತ್ರಿ ಅವನು ಬಣ್ಣ ತೊಳೆದುಕೊಂಡು ಹೋದವನು ಮತ್ತೆಂದೂ ರಂಗ ಹತ್ತಲಿಲ್ಲ. ಗಾಯನವೃಂದಕ್ಕೂ ಬರಲಿಲ್ಲ. ಕುಡಿತ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನಾತಾನ ಅರಸನನ್ನು ಸಂತೆಯಲ್ಲಿ ನಿಲ್ಲಿಸಿ ಹೆಸರು ಹಿಡಿಯಲಿಲ್ಲ, ಅವನ ಬಳಿಗೇ ಹೋಗಿ ಕಥೆ ಹೇಳಿದ ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಹಲವು ವರ್ಷಗಳ ಮೇಲೆ, ಅವನು ತಾನಾಗಿಯೇ ಆ ಚಟದಿಂದ ಹೊರಬಂದು ಸಂಸಾರವಂದಿಗನಾಗಿದ್ದಾಗ, ಒಂದು ತಪಸ್ಸುಕಾಲದಲ್ಲಿ ನಾವು ಅವನ ಮನೆಗೆ ಹೋದೆವು. ಅವನು ಜಗಲಿಯ ಮೇಲೆ ಕುಳಿತು ಮಗಳ ಸೈಕಲ್ಲಿನ ಚೈನು ಸರಿಮಾಡುತ್ತಿದ್ದ. ನಾವು ಮಾಡಿದ್ದು ತಪ್ಪೆಂದು ಹೇಳಿ ಕ್ಷಮೆ ಕೇಳಿದೆವು. ಅವನು ಬಹಳ ಹೊತ್ತು ಚೈನನ್ನೇ ನೋಡುತ್ತಿದ್ದು, ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಂಡು, “ಹೋಗಲಿ ಬಿಡಿ ಮೇಷ್ಟ್ರೇ. ಆ ದಿನ ನೀವು ನನಗೆ ಮಾವನ ಪಾತ್ರ ಕೊಡಬೇಕಾಗಿತ್ತು. ಎದುರಿಗೆ ಒಬ್ಬ ಕುಡುಕನನ್ನು ನಿಲ್ಲಿಸಿಕೊಂಡು ನಾನೇ ಅಷ್ಟೆಲ್ಲ ಹೇಳಬೇಕಾಗಿದ್ದರೆ, ಒಂದೆರಡು ಮಾತು ನನಗೂ ತಟ್ಟುತ್ತಿತ್ತೇನೋ” ಎಂದ.

ಆ ಮಾತು ನಮ್ಮ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ‘ದಿ ಮಿರಕಲ್ ವರ್ಕರ್’ ನಾಟಕದಲ್ಲಿ 12 ವರ್ಷದವಳಾಗಿ ಹೆಲನ್ ಪಾತ್ರ ವಹಿಸಿದ ಪ್ಯಾಟಿ ಡ್ಯೂಕ್, 1979ರಲ್ಲಿ ಅದೇ ನಾಟಕ ಮತ್ತೆ ದೂರದರ್ಶನಕ್ಕೆ ಬಂದಾಗ ಗುರು ಆನಿಯ ಪಾತ್ರ ಮಾಡಿದಳು. ಶಿಷ್ಯೆಯಾಗಿ ಗುರುವಿನೊಡನೆ ಸೆಣಸಿದವಳು ಗುರುವಾಗಿ ಇನ್ನೊಬ್ಬ ಶಿಷ್ಯೆಯೊಡನೆ ಸೆಣಸಿದಳು. ಅಂಥ ಭಾಗ್ಯ ಎಲ್ಲ ನಟರಿಗೂ ಬರುವುದಿಲ್ಲ. ಆದರೆ ತಾಲೀಮಿನಲ್ಲಿ ನಾವು ಅದನ್ನು ಮಾಡಿಕೊಳ್ಳಬಹುದು.

ಆದುದರಿಂದ ಈ ಶಿಬಿರದಲ್ಲಿ ನಿಮಗೆ ನಮ್ಮ ವಿನಂತಿ ಇಷ್ಟು. ಪಾಠ ಹೇಳುವ ದೃಶ್ಯವನ್ನು ತಾಲೀಮು ಮಾಡುವಾಗ ಮೂರು ದಿನ ಒಂದು ರೀತಿಯಲ್ಲಿ ಆಡಿ, ನಾಲ್ಕನೆಯ ದಿನ ಪಾತ್ರ ಬದಲಿಸಿಕೊಳ್ಳಿ. ಮಾವನಾದವನು ಅಳಿಯನಾಗಲಿ, ಅಳಿಯನಾದವನು ಮಾವನಾಗಲಿ. ಮಾತು ಮರೆತರೂ ಚಿಂತೆಯಿಲ್ಲ. ಎದುರಿನವನ ಜಾಗದಲ್ಲಿ ನಿಂತು ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಿಗೆ ಯಾವ ಮಾತು ಹೆಚ್ಚು, ಯಾವ ಮಾತು ಕಡಿಮೆ ಎಂಬುದು ತಾನಾಗಿ ತಿಳಿಯುತ್ತದೆ. ಹೇಳುವವನು ಎದುರಿನವನ ಕಣ್ಣು ನೋಡಿ ಹೇಳಲಿ. ಕೇಳುವವನು ಒಪ್ಪುವ ಮೊದಲು ಒಮ್ಮೆಯಾದರೂ ಎದುರಾಡಲಿ. ಎರಡು ಪುಟದ ಉಪದೇಶವನ್ನು ಒಂದು ವಸ್ತುವಿನಲ್ಲಿ, ಮಡಿಸಿದ ಒಂದು ಬಟ್ಟೆಯಲ್ಲಿ, ಹಿಂದಕ್ಕೆ ಬಂದ ಒಂದು ಬಳೆಯಲ್ಲಿ ಹೇಳಲಾದೀತೇ ಎಂದು ಯೋಚಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ರಂಗದ ಮೇಲೆ ನಿಲ್ಲಿಸಿ ಯಾರಿಗೂ ಬುದ್ಧಿ ಕಲಿಸಲು ಹೋಗಬೇಡಿ. ಪಾತ್ರ ಹಂಚುವಾಗ ಕೈಯಲ್ಲಿ ಅಕ್ಕರೆ ಇರಲಿ.

ಈ ವರ್ಷದ ನಾಟಕದ ಪಾತ್ರಧಾರಿಗಳ ಪಟ್ಟಿಯನ್ನು ಗುರುಗಳು ನಮಗೆ ತೋರಿಸಿದರು. ಅದರಲ್ಲಿ ಆ ಸೈಕಲ್ಲಿನ ಹುಡುಗಿಯ ಹೆಸರೂ ಇದೆ. ಅವಳಿಗೆ ತಂದೆಯ ಕಂಠವೇ ಬಂದಿದೆಯೆಂದು ಹೇಳುತ್ತಾರೆ. ನಾಟಕದ ರಾತ್ರಿ ನಾವು ಮೈಕಿನ ಹತ್ತಿರವಲ್ಲ, ಸಭೆಯ ಹಿಂದಿನ ಸಾಲಿನಲ್ಲಿ, ಅವನು ಒಪ್ಪಿದರೆ ಅವನ ಪಕ್ಕದಲ್ಲಿ, ಕುಳಿತು ನೋಡಬೇಕೆಂದಿದ್ದೇವೆ.

 ಉಪದೇಶ ಮಾಡಬಾರದೆಂದು ಉಪದೇಶ ಮಾಡಿದ ನಮ್ಮನ್ನು ಮೋಲಿಯೇರನ ಮೇಷ್ಟ್ರಂತೆ ಕಂಡು ನಕ್ಕು ಮನ್ನಿಸಬೇಕು. ನಿಮ್ಮ ನಾಟಕ ಯಶಸ್ವಿಯಾಗಲಿ, ಶತಮಾನೋತ್ಸವ ಸಾಂಗವಾಗಿ ನೆರವೇರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.